ಹಳೆಯ ರೋಡ್ ಬೈಕಿಗೆ ಹೊಸ ಕ್ರ್ಯಾಂಕ್‌ಸೆಟ್, ಹೊಸ ಫೋರ್ಕ್: ನಂದಿ ಬೆಟ್ಟದ ಬುಡದಿಂದ ಒಂದು ವಿಮರ್ಶೆ

ನಂದಿ ಬೆಟ್ಟದ ತುದಿಯ ದ್ವಾರಕ್ಕೆ ಇನ್ನು ಒಂದೆರಡು ಕಿಲೋಮೀಟರ್ ಇದೆ ಎನ್ನುವಾಗ ನನ್ನ ಸೈಕಲ್ಲಿನ ವೇಗ ಗಂಟೆಗೆ 7 ಕಿಲೋಮೀಟರಿಗೆ ಇಳಿಯುತ್ತದೆ. ಹಳೆಯ ಕ್ರ್ಯಾಂಕ್‌ಸೆಟ್ (ಪೆಡಲಿನ ತೋಳುಗಳು ಮತ್ತು ಅವು ತಿರುಗಿಸುವ ಮುಂದಿನ ಹಲ್ಲಿನ ಚಕ್ರಗಳು) ಇದ್ದಾಗ ಆ ವೇಗದಲ್ಲಿ ಪೆಡಲು ನಿಮಿಷಕ್ಕೆ 33 ಸುತ್ತು ತಿರುಗುತ್ತಿತ್ತು. ಒಂದೊಂದು ತುಳಿತಕ್ಕೂ ಸೀಟು ಬಿಟ್ಟು ಎದ್ದು, ಹ್ಯಾಂಡಲನ್ನು ಎಳೆದು ಹಿಡಿದು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಬೇಕಾಗುತ್ತಿತ್ತು. ಬೆಟ್ಟ ಹತ್ತಿ ಬಂದ ಮೇಲೆ ಎರಡು ದಿನ ಮನೆಯ ಮೆಟ್ಟಿಲು ಇಳಿಯುವಾಗಲೆಲ್ಲ ಮೊಣಕಾಲು ಅದನ್ನು ನೆನಪಿಸುತ್ತಿತ್ತು. ಕಳೆದ ವರ್ಷ ನವೆಂಬರಿನಲ್ಲಿ ಕ್ರ್ಯಾಂಕ್‌ಸೆಟ್ಟನ್ನೂ ಅದರ ಜೊತೆಗೇ ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕನ್ನೂ ಬದಲಾಯಿಸಿದೆ. ಒಂದು ಮಳೆಗಾಲ ಮತ್ತು 3,100 ಕಿಲೋಮೀಟರ್ ಕಳೆದಿವೆ. ಎರಡರಲ್ಲಿ ಒಂದಕ್ಕೆ ಕೊಟ್ಟ ಹಣ ಪೂರ್ತಿ ಸಾರ್ಥಕವಾಯಿತು, ಇನ್ನೊಂದಕ್ಕೆ ಕೊಟ್ಟದ್ದು ಅರ್ಧ ಮಾತ್ರ ಎಂಬುದು ನನ್ನ ತೀರ್ಮಾನ. ಅದು ಹೇಗೆ ಎಂಬುದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಮೊದಲು ಸೈಕಲ್ಲಿನ ಪರಿಚಯ. ಇದು 2005ರ ಆಸುಪಾಸಿನದು. ಅಲ್ಯುಮಿನಿಯಂ ಫ್ರೇಮ್, ಉಕ್ಕಿನ ಫೋರ್ಕ್, ಹಿಂದೆ 12ರಿಂದ 25 ಹಲ್ಲುಗಳವರೆಗಿನ ಎಂಟು ಗೇರು, ಮುಂದೆ 52 ಮತ್ತು 42 ಹಲ್ಲಿನ ಎರಡು ಚೈನ್ ವೀಲ್. 2013ರಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ 16,000 ರೂಪಾಯಿಗೆ ಕೊಂಡಿದ್ದೆ. ನಾನು ಸ್ಪರ್ಧೆಗಳಿಗೆ ಹೋಗುವವನಲ್ಲ. ವಯಸ್ಸು 47, ತೂಕ 72 ಕಿಲೋ. ವಾರದಲ್ಲಿ ಎರಡು ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ರಸ್ತೆಯಲ್ಲಿ ಹಿಪ್ಪುನೇರಳೆ ತೋಟಗಳ ನಡುವೆ ಹೋಗಿ ಬರುತ್ತೇನೆ. ತಿಂಗಳಿಗೆ ಎರಡು ಭಾನುವಾರ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಮುಂದೆ ಹಾದು ಬೆಟ್ಟ ಹತ್ತುತ್ತೇನೆ. ಬುಡದಿಂದ ತುದಿಗೆ ಏಳೆಂಟು ಕಿಲೋಮೀಟರಿನ ಏರು, ತುದಿಯ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ನುರಿತ ಸವಾರರಿಗೆ ಇದು ದೊಡ್ಡ ಬೆಟ್ಟವೇನಲ್ಲ. 42 ಹಲ್ಲಿನ ಚಿಕ್ಕ ಚೈನ್ ವೀಲ್ ಇಟ್ಟುಕೊಂಡು ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವನಿಗೆ ದೊಡ್ಡದೇ.

ಲೆಕ್ಕ ಸರಳವಾಗಿದೆ. ಮುಂದಿನ ಹಲ್ಲಿನ ಸಂಖ್ಯೆಯನ್ನು ಹಿಂದಿನ ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಪೆಡಲು ಒಂದು ಸುತ್ತು ತಿರುಗುವಾಗ ಹಿಂಬದಿ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಸಿಗುತ್ತದೆ. 42ನ್ನು 25ರಿಂದ ಭಾಗಿಸಿದರೆ 1.68. 25 ಮಿಲಿಮೀಟರ್ ಅಗಲದ ಟಯರ್ ಹಾಕಿದ 700ಸಿ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಅಂದರೆ ನನ್ನ ಅತಿ ಹಗುರ ಗೇರಿನಲ್ಲೇ ಒಂದು ಸುತ್ತಿಗೆ ಸೈಕಲ್ಲು ಮೂರೂವರೆ ಮೀಟರ್ ಮುಂದೆ ಹೋಗಬೇಕು. ಸಮತಟ್ಟಾದ ರಸ್ತೆಯಲ್ಲಿ ಅದು ಏನೂ ಅಲ್ಲ, ಏರಿನಲ್ಲಿ ಮಾತ್ರ ಆ ಮೂರೂವರೆ ಮೀಟರಿನ ಉದ್ದಕ್ಕೂ ನನ್ನದೂ ಸೈಕಲ್ಲಿನದೂ ಸೇರಿ ಎಂಬತ್ತೆರಡು ಕಿಲೋ ಭಾರವನ್ನು ಮೇಲೆತ್ತಬೇಕು. ಮುಂದೆ 34 ಹಲ್ಲಿನ ಚೈನ್ ವೀಲ್ ಬಂದರೆ ಅನುಪಾತ 1.36ಕ್ಕೆ ಇಳಿಯುತ್ತದೆ, ಒಂದು ಸುತ್ತಿಗೆ 2.86 ಮೀಟರ್. ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಮೊದಲಿನದಕ್ಕೆ ನಿಮಿಷಕ್ಕೆ 42 ಸುತ್ತು ಸಾಕಾದರೆ ಎರಡನೆಯದಕ್ಕೆ 52 ಸುತ್ತು ಬೇಕಾಗುತ್ತದೆ. ಕೆಲಸ ಅಷ್ಟೇ ಇರುತ್ತದೆ, ಅದು ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಮೊಣಕಾಲಿಗೆ ಬೇಕಾದದ್ದು ಅದೇ.

ಇದಕ್ಕೆ ಕಡಿಮೆ ಖರ್ಚಿನ ದಾರಿಗಳೂ ಇವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಹಳೆಯ ಕ್ರ್ಯಾಂಕಿನ ಐದು ಬೋಲ್ಟುಗಳ ವೃತ್ತ 130 ಮಿಲಿಮೀಟರ್ ವ್ಯಾಸದ್ದು. ಆ ವೃತ್ತಕ್ಕೆ 38ಕ್ಕಿಂತ ಕಡಿಮೆ ಹಲ್ಲಿನ ಚೈನ್ ವೀಲ್ ಕೂರುವುದಿಲ್ಲ. 39 ಹಲ್ಲಿನದನ್ನು ಹಾಕಿದ್ದರೆ ಅನುಪಾತ 1.56 ಆಗುತ್ತಿತ್ತು. ಕ್ರ್ಯಾಂಕನ್ನು ಮುಟ್ಟದೆ ಹಿಂದೆ 28 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗುಚ್ಛ) ಹಾಕಿದ್ದರೆ 1.5. ಮೊಣಕಾಲು ಗಟ್ಟಿಯಿರುವ, ವಯಸ್ಸು ಮೂವತ್ತು ದಾಟದ ಸವಾರರು ಈ ಎರಡರಲ್ಲಿ ಒಂದನ್ನು ಮೊದಲು ಪ್ರಯತ್ನಿಸುವುದು ಒಳ್ಳೆಯದು. ಖರ್ಚು ನನಗೆ ಆದದ್ದರ ಕಾಲುಭಾಗವೂ ಆಗದು. ನನ್ನ ವಿಷಯದಲ್ಲಿ ಹಳೆಯ ಬಾಟಮ್ ಬ್ರಾಕೆಟ್ಟೇ (ಕ್ರ್ಯಾಂಕಿನ ಆ್ಯಕ್ಸಲ್ ತಿರುಗುವ ಬೇರಿಂಗುಗಳ ಭಾಗ) ಅಲುಗಾಡಲು ಶುರುವಾಗಿತ್ತು, ಎಡಗಾಲಿನ ಕ್ರ್ಯಾಂಕ್ ಪ್ರತಿ ಸುತ್ತಿಗೂ ಕಟಕ್ ಎನ್ನುತ್ತಿತ್ತು. ಹೇಗೂ ಬಿಚ್ಚಬೇಕಾದದ್ದನ್ನು ಒಂದೇ ಸಲ ಬದಲಾಯಿಸೋಣ ಎಂದುಕೊಂಡು ಶಿಮಾನೋ ಕಂಪನಿಯ ಕ್ಲಾರಿಸ್ ಆರ್2000 ಕ್ರ್ಯಾಂಕ್‌ಸೆಟ್ಟನ್ನು ಆರಿಸಿದೆ. 50 ಮತ್ತು 34 ಹಲ್ಲು, 170 ಮಿಲಿಮೀಟರ್ ಉದ್ದದ ಕ್ರ್ಯಾಂಕ್, ಎಂಟು ಗೇರಿನ ಚೈನಿಗೇ ಮಾಡಿದ್ದು. ಹತ್ತು, ಹನ್ನೊಂದು ಗೇರಿನ ದುಬಾರಿ ಕ್ರ್ಯಾಂಕ್‌ಸೆಟ್‌ಗಳನ್ನು ತೋರಿಸಿ ಆಸೆ ಹುಟ್ಟಿಸಿದವರಿದ್ದರು. ನನ್ನ ಹಿಂದಿನ ಎಂಟು ಗೇರಿಗೂ ಶಿಫ್ಟರಿಗೂ ಅದರಿಂದ ಯಾವ ಲಾಭವೂ ಇರಲಿಲ್ಲ.

ಚೈನನ್ನು ಹಲ್ಲಿನ ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂಬದಿ ಡಿರೇಲರಿನ ಲೆಕ್ಕವನ್ನು ಅನೇಕರು ಮರೆಯುತ್ತಾರೆ. ನನ್ನ ಗಿಡ್ಡ ಕೇಜಿನ ಡಿರೇಲರ್ ಒಟ್ಟು 29 ಹಲ್ಲಿನ ವ್ಯತ್ಯಾಸದವರೆಗೆ ಸಡಿಲಾಗುವ ಚೈನನ್ನು ಎಳೆದಿಟ್ಟುಕೊಳ್ಳಬಲ್ಲದು. ಮುಂದೆ 50ರಿಂದ 34 ಕಳೆದರೆ 16, ಹಿಂದೆ 25ರಿಂದ 12 ಕಳೆದರೆ 13. ಕೂಡಿದರೆ ಸರಿಯಾಗಿ 29. ಅಂಗುಲ ಜಾಗವೂ ಉಳಿಯದ ಹೊಂದಾಣಿಕೆ. ಆಸೆಪಟ್ಟು 28 ಹಲ್ಲಿನ ಕ್ಯಾಸೆಟ್ಟನ್ನೂ ಕೊಂಡಿದ್ದರೆ ಡಿರೇಲರೂ ಖರ್ಚಿನ ಪಟ್ಟಿಗೆ ಸೇರುತ್ತಿತ್ತು.

ಇನ್ನು ಜೋಡಣೆಯ ಕಥೆ. ಮೊದಲು ಸೈಕಲ್ಲನ್ನು ಕೊಟ್ಟದ್ದು ಮನೆಗೆ ಹತ್ತಿರದ ಒಂದು ಅಂಗಡಿಗೆ. ಹೆಸರು ಬೇಡ; ಅಲ್ಲಿ ಪಂಕ್ಚರು, ಬ್ರೇಕು, ಮಕ್ಕಳ ಸೈಕಲ್ಲಿನ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತದೆ, ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅಭ್ಯಾಸವಿದ್ದದ್ದು ಕಾಟರ್ ಪಿನ್ನಿನ ಕ್ರ್ಯಾಂಕು. ಪಿನ್ನಿನ ನಟ್ಟು ಸಡಿಲಿಸಿ ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಪಿನ್ನು ಹೊರಬರುತ್ತದೆ. ನನ್ನ ಸೈಕಲ್ಲಿನ ಆ್ಯಕ್ಸಲಿನ ತುದಿ ಚೌಕಾಕಾರದ್ದು, ಹೊರಕ್ಕೆ ಬರುಬರುತ್ತ ಸಣ್ಣಗಾಗುವಂಥದ್ದು. ಅದರ ಮೇಲೆ ಬಿಗಿಯಾಗಿ ಕೂತ ಕ್ರ್ಯಾಂಕನ್ನು ತೆಗೆಯಲು 22 ಮಿಲಿಮೀಟರ್ ಮರೆಯ, ಅಂದರೆ ತಿರುಪಿನ ಸುರುಳಿ ಗೆರೆಯ, ಪುಲ್ಲರ್ ಬೇಕು. ಪುಲ್ಲರನ್ನು ಎಲ್ಲಿಂದಲೋ ತಂದರು, ಆದರೆ ಎರಡೇ ಮರೆ ಹಿಡಿಸಿ ಪಾನಾ ತಿರುಗಿಸಿದ್ದರಿಂದ ಕ್ರ್ಯಾಂಕಿನ ಅಲ್ಯುಮಿನಿಯಂ ಮರೆ ಪೂರ್ತಿ ಕಿತ್ತು ಬಂತು. ಆಮೇಲೆ ಬಂದದ್ದು ಸುತ್ತಿಗೆ. ಕ್ರ್ಯಾಂಕು ಹೊರಬಂದಿತು, ಹೇಗೂ ಎಸೆಯುವುದೇ ಆದ್ದರಿಂದ ನಾನೂ ಸುಮ್ಮನಿದ್ದೆ. ಸುಮ್ಮನಿರಲಾಗದ ಘಟ್ಟ ಬಂದದ್ದು ಬಾಟಮ್ ಬ್ರಾಕೆಟ್ಟಿನ ಬಲಗಡೆಯ ಕಪ್ಪಿಗೆ (ಬೇರಿಂಗನ್ನು ಹಿಡಿಯುವ ಬಟ್ಟಲಿಗೆ) ಅವರು ಪಾನಾ ಹಾಕಿದಾಗ.

ಇಂಗ್ಲಿಷ್ ಮಾದರಿಯ ಬಾಟಮ್ ಬ್ರಾಕೆಟ್ಟಿನಲ್ಲಿ ಬಲಗಡೆಯ, ಅಂದರೆ ಚೈನಿನ ಕಡೆಯ, ಕಪ್ಪಿಗೆ ಉಲ್ಟಾ ಮರೆ ಇರುತ್ತದೆ. ಬೇರಿಂಗಿನ ತಿರುಗಾಟಕ್ಕೆ ಕಪ್ಪು ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದು ಹೀಗೆ ಮಾಡಿರುತ್ತಾರೆ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇಬ್ಬರು ಹುಡುಗರು ಸೇರಿ, ಪಾನಾದ ಹಿಡಿಗೆ ಕಬ್ಬಿಣದ ಪೈಪು ತೂರಿಸಿ, ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು. ಅಲ್ಲಿಗೆ ನಿಲ್ಲಿಸಲು ಹೇಳಿ, ಅಲ್ಲಿಯವರೆಗಿನ ಕೂಲಿ 450 ರೂಪಾಯಿ ಕೊಟ್ಟು, ಬಲಗಡೆಯ ಕ್ರ್ಯಾಂಕಿಲ್ಲದ ಸೈಕಲ್ಲನ್ನು ಕೈಯಲ್ಲಿ ತಳ್ಳಿಕೊಂಡು ಮನೆಗೆ ಬಂದೆ. ಫ್ರೇಮಿನ ಮರೆ ಹಾಳಾಗಿದ್ದರೆ ಈ ವಿಮರ್ಶೆಯೇ ಇರುತ್ತಿರಲಿಲ್ಲ.

ಎರಡನೆಯ ಅಂಗಡಿಯನ್ನು ಪರಿಚಯಸ್ಥರೊಬ್ಬರು ತೋರಿಸಿದರು. ಅಂಗಡಿ ಎನ್ನುವುದಕ್ಕಿಂತ ಮನೆಯ ಮುಂದಿನ ಒಂದು ಶೆಡ್ಡು. ಒಳಗೆ ಸೈಕಲ್ಲನ್ನು ನೇತುಹಾಕುವ ಸ್ಟ್ಯಾಂಡ್, ಗೋಡೆಗೆ ಸಾಲಾಗಿ ತಗುಲಿಸಿದ ಪಾನಾಗಳು, ಎಷ್ಟು ಬಿಗಿಯಾಯಿತೆಂದು ತೋರಿಸುವ ಒಂದು ಟಾರ್ಕ್ ರೆಂಚ್. ಯಜಮಾನರಿಗೆ ಅರವತ್ತು ದಾಟಿದೆ. ಭಾನುವಾರ ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವವರ ಸೈಕಲ್ಲುಗಳು ದಾರಿಯಲ್ಲಿ ಕೈಕೊಟ್ಟಾಗ ಇವರ ಬಳಿ ಬರುತ್ತವಂತೆ, ಕೆಲಸ ಕಲಿತದ್ದೂ ಹಾಗೆಯೇ ಅಂತೆ. ಅವರು ಮೊದಲು ಮಾಡಿದ್ದು ವರ್ನಿಯರ್ ಕ್ಯಾಲಿಪರ್ ತಂದು ಬಾಟಮ್ ಬ್ರಾಕೆಟ್ ಕೂರುವ ಕೊಳವೆಯ ಅಗಲವನ್ನು ಅಳೆದದ್ದು. 68 ಮಿಲಿಮೀಟರ್ ಬಂತು. "70 ಬಂದಿದ್ದರೆ ಇಟಲಿ ಮಾದರಿ ಇರಬಹುದಿತ್ತು ಸಾರ್, ಆಗ ಎರಡೂ ಕಡೆ ಒಂದೇ ಥರ ಮರೆ, ನೀವು ತಂದಿರೋ ಕಪ್ಪು ಆಗುತ್ತಿರಲಿಲ್ಲ" ಎಂದರು. ಬಳಿಕ ಮರೆಯ ಮೇಲೆ ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟು, ಮರುದಿನ ಬೆಳಿಗ್ಗೆ ಒಬ್ಬರೇ ಒಂದೇ ಎಳೆತಕ್ಕೆ ಬಿಚ್ಚಿದರು. ಹಿಂದಿನ ದಿನದ ಪೈಪಿನ ಪ್ರಸಂಗವನ್ನು ಹೇಳಿದಾಗ ನಕ್ಕು, "ಅವರು ಬಿಗಿ ಮಾಡಿದ್ದು ಒಳ್ಳೇದೇ ಆಯಿತು, ಮರೆ ಗಟ್ಟಿ ಇದೆ ಅಂತ ಗೊತ್ತಾಯಿತಲ್ಲ" ಎಂದರು.

ಹೊಸ ಕ್ರ್ಯಾಂಕ್‌ಸೆಟ್ಟಿನ ಜೋಡಣೆಯನ್ನು ಹತ್ತಿರ ಕುಳಿತು ನೋಡಿದೆ. ಶಿಮಾನೋದವರು ಹಾಲೋಟೆಕ್ 2 ಎಂದು ಕರೆಯುವ ಈ ಪದ್ಧತಿಯಲ್ಲಿ ಬಲಗಾಲಿನ ಕ್ರ್ಯಾಂಕಿಗೆ 24 ಮಿಲಿಮೀಟರ್ ದಪ್ಪದ ಟೊಳ್ಳು ಆ್ಯಕ್ಸಲ್ ಅಂಟಿಕೊಂಡೇ ಬರುತ್ತದೆ, ಬೇರಿಂಗುಗಳು ಫ್ರೇಮಿನ ಹೊರಗೆ ಎರಡು ಕಪ್ಪುಗಳಲ್ಲಿ ಕೂರುತ್ತವೆ. ಕಪ್ಪುಗಳನ್ನು ಗ್ರೀಸ್ ಹಚ್ಚಿ 35ರಿಂದ 50 ನ್ಯೂಟನ್ ಮೀಟರಿನಷ್ಟು (ತಿರುಗಿಸುವ ಬಲದ ಅಳತೆ) ಬಿಗಿ ಮಾಡಬೇಕು. ಆ್ಯಕ್ಸಲನ್ನು ಬಲಗಡೆಯಿಂದ ತೂರಿಸಿ, ಎಡಗಾಲಿನ ಕ್ರ್ಯಾಂಕನ್ನು ತುದಿಗೆ ಸಿಕ್ಕಿಸಿ, ಪ್ಲಾಸ್ಟಿಕ್ಕಿನ ಮುಚ್ಚಳವೊಂದನ್ನು ಬೆರಳ ತುದಿಯ ಬಲದಲ್ಲಿ ತಿರುಗಿಸಿ ಆಟ, ಅಂದರೆ ಸಡಿಲಿಕೆ, ತೆಗೆಯಬೇಕು. ಆ ಮುಚ್ಚಳಕ್ಕೆ ಒಂದೂವರೆ ನ್ಯೂಟನ್ ಮೀಟರಿಗಿಂತ ಹೆಚ್ಚು ಬಲ ಕೂಡದು, ಅದು ಬೇರಿಂಗಿನ ಆಟವನ್ನು ತೆಗೆಯಲಿಕ್ಕೆ ಮಾತ್ರ ಇರುವುದು. ಕ್ರ್ಯಾಂಕನ್ನು ನಿಜವಾಗಿ ಹಿಡಿದಿಡುವ ಎರಡು ಸಣ್ಣ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ, ಸ್ವಲ್ಪ ಸ್ವಲ್ಪವೇ, 12ರಿಂದ 14 ನ್ಯೂಟನ್ ಮೀಟರಿಗೆ ತರಬೇಕು. ಯಜಮಾನರು ಈ ಎರಡು ಬೋಲ್ಟುಗಳ ನಡುವೆ ಟಾರ್ಕ್ ರೆಂಚನ್ನು ಆರು ಸಲ ಅತ್ತಿತ್ತ ಓಡಾಡಿಸಿದ್ದನ್ನು ಎಣಿಸಿದೆ. ಎಲ್ಲ ಮುಗಿದಾಗ ಚೈನ್ ಹಾಕದ ಕ್ರ್ಯಾಂಕನ್ನು ಒಮ್ಮೆ ತಳ್ಳಿ ಬಿಟ್ಟರು. ಅದು ಸದ್ದಿಲ್ಲದೆ ನಾಲ್ಕು ಸುತ್ತು ತಿರುಗಿ ನಿಂತಿತು.

ಮುಂದಿನ ಹಳೆಯ ಡಿರೇಲರನ್ನೇ ಸರಿಸಿ ಮತ್ತೆ ಕೂರಿಸಬೇಕಾಯಿತು. ದೊಡ್ಡ ಚೈನ್ ವೀಲ್ 52ರಿಂದ 50ಕ್ಕೆ ಇಳಿದಾಗ ಅದರ ತ್ರಿಜ್ಯ ಸುಮಾರು 4 ಮಿಲಿಮೀಟರ್ ಕಡಿಮೆಯಾಗುತ್ತದೆ, ಡಿರೇಲರನ್ನೂ ಅಷ್ಟೇ ಕೆಳಗಿಳಿಸದಿದ್ದರೆ ಗೇರು ಬದಲಾವಣೆ ಮಂದವಾಗುತ್ತದೆ. ಹಾಗೆ ಇಳಿಸಿದರೂ ತೊಡಕು ಪೂರ್ತಿ ಹೋಗಲಿಲ್ಲ. ಹತ್ತು ಹಲ್ಲಿನ ಅಂತರಕ್ಕೆ ಒಗ್ಗಿದ ಹಳೆಯ ಡಿರೇಲರು ಈಗ ಚೈನನ್ನು ಹದಿನಾರು ಹಲ್ಲಿನಷ್ಟು ಕೆಳಗೆ ದೂಡಬೇಕು. ಮೊದಲ ತಿಂಗಳಲ್ಲಿ ಎರಡು ಸಲ, ಎರಡೂ ಸಲ ಬೆಟ್ಟದ ಬುಡದಲ್ಲೇ, ಚೈನು 34ನ್ನು ದಾಟಿ ಒಳಗೆ ಬಿದ್ದು ಫ್ರೇಮಿನ ಬಣ್ಣ ಕೆರೆಯಿತು. ಒಳಮಿತಿಯ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ಸೀಟಿನ ಕೊಳವೆಗೆ ಚೈನ್ ಬೀಳದಂತೆ ತಡೆಯುವ ಸಣ್ಣ ಕೊಕ್ಕೆಯೊಂದನ್ನು ಹಾಕಿಸಿದ ಮೇಲೆ ಆ ಕಾಟ ನಿಂತಿದೆ.

50 ಮತ್ತು 34ರ ಈ ಜೋಡಿಯ ಬಗ್ಗೆ ನನ್ನ ಇನ್ನೊಂದು ದೂರು ಇದೆ, ಅದಕ್ಕೆ ಪರಿಹಾರವಿಲ್ಲ. ಶಿಡ್ಲಘಟ್ಟದ ರಸ್ತೆಯಂಥ ಸಣ್ಣ ಏರಿಳಿತದ ದಾರಿಯಲ್ಲಿ ನಾನು ಹೆಚ್ಚಾಗಿ ಇರುವುದು ಮುಂದೆ 50, ಹಿಂದೆ 19ರಲ್ಲಿ. ಚಿಕ್ಕ ದಿಣ್ಣೆ ಬಂದಾಗ ಮುಂದಿನ ಗೇರು ಇಳಿಸಿದರೆ ಕಾಲು ಗಾಳಿಯಲ್ಲಿ ತುಳಿದಂತೆ ಆಗುತ್ತದೆ, ಏಕೆಂದರೆ 50/19ರ ಅನುಪಾತ 2.63 ಇದ್ದದ್ದು 34/19ರಲ್ಲಿ ಒಮ್ಮೆಲೇ 1.79ಕ್ಕೆ ಬೀಳುತ್ತದೆ. ಒಂದೇ ಒಂದು ಹೆಜ್ಜೆ ಹಗುರವಾದ ಗೇರು ಬೇಕೆಂದರೆ ಮುಂದೆ ಇಳಿಸುತ್ತಲೇ ಹಿಂದೆ ಎರಡು ಹೆಜ್ಜೆ ಏರಿಸಿ 15ಕ್ಕೆ ಬರಬೇಕು. ಎರಡೂ ಕೈಗಳ ಈ ಕಸರತ್ತು ರೂಢಿಯಾಗಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಹಳೆಯ 52/42ರಲ್ಲಿ ಈ ರಗಳೆ ಇರಲಿಲ್ಲ; ಬಯಲು ರಸ್ತೆಗೆ ಅದು ಒಳ್ಳೆಯ ಜೋಡಿ ಎಂಬುದನ್ನು ಈಗ ಒಪ್ಪುತ್ತೇನೆ. ದೊಡ್ಡ ಚೈನ್ ವೀಲಿನಲ್ಲಿ ಕಳೆದುಹೋದ ಎರಡು ಹಲ್ಲಿನ ಬಗ್ಗೆ ಮಾತ್ರ ಯಾರೂ ಕೊರಗಬೇಕಾಗಿಲ್ಲ. 50/12ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 47 ಕಿಲೋಮೀಟರ್ ಆಗುತ್ತದೆ, ನಾನು ಆ ವೇಗವನ್ನು ಕಾಣುವುದು ಇಳಿಜಾರಿನಲ್ಲಿ ತುಳಿಯದೆ ಕುಳಿತಾಗ ಮಾತ್ರ.

ಬೆಟ್ಟದ ಮೇಲೆ ಫಲ ಹೇಗಿದೆ ಎಂದರೆ, ಕೊನೆಯ ಕಡಿದಾದ ಭಾಗದಲ್ಲಿ 33 ಸುತ್ತು ಇದ್ದದ್ದು ಈಗ 41 ಆಗಿದೆ. ಸಮಯದಲ್ಲಿ ಉಳಿದದ್ದು ಒಂದೂವರೆ ನಿಮಿಷ. ಕ್ರ್ಯಾಂಕು ಬದಲಾದರೆ ಸವಾರನ ಶಕ್ತಿ ಹೆಚ್ಚುವುದಿಲ್ಲವಲ್ಲ. ಆದರೆ ಈಗ ಸೀಟಿನ ಮೇಲೆ ಕುಳಿತೇ ತಿರುವುಗಳನ್ನು ದಾಟುತ್ತೇನೆ, ಮುಂಜಾನೆಯ ಮಂಜಿನಲ್ಲಿ ಸೂರ್ಯೋದಯಕ್ಕೆಂದು ಹಾರ್ನ್ ಹೊಡೆಯುತ್ತ ನುಗ್ಗುವ ಕಾರು, ಬೈಕುಗಳ ನಡುವೆ ಸೈಕಲ್ಲನ್ನು ನೇರವಾಗಿ ಹಿಡಿಯಲು ಆಗುತ್ತದೆ. ಮೊದಲು ಎದ್ದು ನಿಂತು ತುಳಿಯುವಾಗ ಸೈಕಲ್ಲು ಹಾವಿನಂತೆ ಹೊರಳುತ್ತಿತ್ತು, ಹಿಂದೆ ಬರುವವರ ಬೈಗುಳವೂ ಕೇಳಿಸುತ್ತಿತ್ತು. ಮೆಟ್ಟಿಲು ಇಳಿಯುವಾಗಿನ ಮೊಣಕಾಲು ನೋವು ಪೂರ್ತಿ ಹೋಗಿದೆ. ತೂಕದಲ್ಲಿ ಹೇಳಿಕೊಳ್ಳುವಂಥ ಉಳಿತಾಯವಿಲ್ಲ, ಅದಕ್ಕಾಗಿ ಕೊಳ್ಳುವವರು ಕೊಳ್ಳಬಾರದು.

ಫೋರ್ಕಿನ ವಿಷಯ ಇಷ್ಟು ನೇರವಾಗಿಲ್ಲ. ಹಳೆಯ ಉಕ್ಕಿನ ಫೋರ್ಕಿನ ನೆತ್ತಿಯಲ್ಲಿ, ಬ್ರೇಕಿನ ಬೋಲ್ಟು ಹೋಗುವ ತೂತಿನ ಸುತ್ತ, ಬಣ್ಣ ಉಬ್ಬಿ ಅಡಿಯಲ್ಲಿ ತುಕ್ಕು ಕಾಣಿಸುತ್ತಿತ್ತು. ಹ್ಯಾಂಡಲ್ ನೇರವಾಗಿದ್ದಾಗ ಸಣ್ಣಗೆ ಕಚ್ಚಿಕೊಳ್ಳುವ ಚಾಳಿಯೂ ಇತ್ತು. ಕಾರ್ಬನ್ ಫೋರ್ಕ್ ಹಾಕಿದರೆ ರಸ್ತೆಯ ಕಂಪನ ಕೈಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುವುದನ್ನು ಕೇಳಿ ನನಗೂ ಆಸೆಯಾಗಿತ್ತು. ನನ್ನದು ಮರೆಯಿಲ್ಲದ ಸ್ಟೀರರಿನ (ಫ್ರೇಮಿನೊಳಗೆ ಹಾದು ಹ್ಯಾಂಡಲಿಗೆ ಸೇರುವ ಫೋರ್ಕಿನ ಕೊಳವೆ), 1⅛ ಇಂಚಿನ ಹೆಡ್‌ಸೆಟ್ (ಆ ಕೊಳವೆ ತಿರುಗುವ ಬೇರಿಂಗುಗಳು) ಆದ್ದರಿಂದ ಫೋರ್ಕ್ ಸಿಗುವುದು ಕಷ್ಟವಾಗಲಿಲ್ಲ. ಇದಕ್ಕೂ ಹಳೆಯ, ಒಂದಿಂಚಿನ ಮರೆಯ ಸ್ಟೀರರ್ ಇರುವ ಸೈಕಲ್ಲಾದರೆ ಹೊಂದುವ ಕಾರ್ಬನ್ ಫೋರ್ಕನ್ನು ಹುಡುಕುವುದರಲ್ಲೇ ವರ್ಷ ಕಳೆಯಬಹುದು. ಅಂಥವರು ಕ್ರ್ಯಾಂಕ್‌ಸೆಟ್ಟಿಗೆ ತೃಪ್ತಿಪಟ್ಟುಕೊಂಡು ಫೋರ್ಕನ್ನು ಮರೆಯುವುದು ಲೇಸು.

ಅಳತೆಗಳಲ್ಲಿ ಎರಡನ್ನು ನೋಡಲೇಬೇಕು. ಒಂದು, ಚಕ್ರದ ಆ್ಯಕ್ಸಲಿನಿಂದ ಫೋರ್ಕಿನ ನೆತ್ತಿಯವರೆಗಿನ ಎತ್ತರ. ಹೊಸದು 10 ಮಿಲಿಮೀಟರ್ ಹೆಚ್ಚು ಎತ್ತರವಾದರೂ ಫ್ರೇಮಿನ ಮುಂಭಾಗ ಮೇಲೆದ್ದು ಸ್ಟೀರರ್ ಕೂರುವ ಹೆಡ್ ಟ್ಯೂಬಿನ ಕೋನ ಅರ್ಧ ಡಿಗ್ರಿಯಷ್ಟು ಮಲಗುತ್ತದೆ. ಇನ್ನೊಂದು ರೇಕ್, ಅಂದರೆ ಆ್ಯಕ್ಸಲ್ ಸ್ಟೀರರಿನ ನೇರದಿಂದ ಎಷ್ಟು ಮುಂದಿದೆ ಎಂಬ ಅಳತೆ. ನನ್ನ ಹಳೆಯದರಲ್ಲಿ ಅದು 45 ಮಿಲಿಮೀಟರ್. 73 ಡಿಗ್ರಿಯ ಕೋನಕ್ಕೆ 45ರ ರೇಕ್ ಇದ್ದರೆ ಟ್ರೇಲ್ (ಸ್ಟೀರರಿನ ನೇರ ನೆಲ ಮುಟ್ಟುವ ಜಾಗಕ್ಕಿಂತ ಟಯರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎಂಬ ಅಳತೆ) ಸುಮಾರು 56 ಮಿಲಿಮೀಟರ್ ಬರುತ್ತದೆ, 50ರ ರೇಕ್ ಇದ್ದರೆ 50ಕ್ಕೆ ಇಳಿಯುತ್ತದೆ. ಟ್ರೇಲ್ ಕಡಿಮೆಯಾದಷ್ಟೂ ಹ್ಯಾಂಡಲ್ ಚುರುಕಾಗುತ್ತದೆ, ಬೆಟ್ಟದ ಇಳಿಜಾರಿನಲ್ಲಿ ಆ ಚುರುಕು ನನಗೆ ಬೇಡವಾಗಿತ್ತು. ಅಗ್ಗವಾಗಿ ಸಿಗುತ್ತಿದ್ದ 50ರ ಫೋರ್ಕನ್ನು ಬಿಟ್ಟು 45ರದ್ದನ್ನೇ ತರಿಸಿದೆ: ಕಾಲುಗಳು ಕಾರ್ಬನ್, ಸ್ಟೀರರ್ ಅಲ್ಯುಮಿನಿಯಂ. ಪೂರ್ತಿ ಕಾರ್ಬನ್ ಆದರೆ ಇನ್ನಷ್ಟು ಹಗುರ, ಆದರೆ ಹ್ಯಾಂಡಲನ್ನು ಹಿಡಿಯುವ ಸ್ಟೆಮ್ಮಿನ ಬೋಲ್ಟನ್ನು ಸ್ವಲ್ಪ ಹೆಚ್ಚು ಬಿಗಿ ಮಾಡಿದರೂ ಸ್ಟೀರರ್ ಸೀಳಬಹುದು ಎಂಬ ಭಯ ಜೊತೆಗೇ ಬರುತ್ತದೆ.

ಫೋರ್ಕನ್ನು ಕೂರಿಸುವಾಗ ಯಜಮಾನರು ಹಿಡಿದ ಒಂದು ಲೋಪವನ್ನು ಹೇಳಲೇಬೇಕು. ಮುಂದಿನ ಬ್ರೇಕನ್ನು ಹಿಡಿದಿಡುವುದು ಫೋರ್ಕಿನ ಹಿಂಬದಿಯ ತೂತಿನೊಳಗೆ ಹೋಗಿ ಕೂರುವ ಕೊಳವೆಯಂಥ ಒಂದು ನಟ್ಟು. ಕಾರ್ಬನ್ ಫೋರ್ಕಿನ ನೆತ್ತಿ ಉಕ್ಕಿನದಕ್ಕಿಂತ ದಪ್ಪ, ಆದ್ದರಿಂದ ಹಳೆಯ ಗಿಡ್ಡ ನಟ್ಟು ಬ್ರೇಕಿನ ಬೋಲ್ಟಿನ ಎರಡೇ ಮರೆಯನ್ನು ಹಿಡಿಯುತ್ತಿತ್ತು. ನೋಡುವುದಕ್ಕೆ ಬಿಗಿಯಾಗಿಯೇ ಇತ್ತು, ಬ್ರೇಕನ್ನು ಕೈಯಿಂದ ಅಲುಗಿಸಿದರೂ ಅಲುಗುತ್ತಿರಲಿಲ್ಲ. ಅವರು ಅದನ್ನು ಮತ್ತೆ ಬಿಚ್ಚಿ, ಎಷ್ಟು ಸುತ್ತಿಗೆ ನಟ್ಟು ಕೈಗೆ ಬರುತ್ತದೆ ಎಂದು ನನಗೆ ಎಣಿಸಿ ತೋರಿಸಿ, "ಆರು ಸುತ್ತಾದರೂ ಹಿಡೀಬೇಕು ಸಾರ್. ಇದನ್ನ ಹಾಕಿ ಕಳಿಸಿದರೆ ನೀವು ಬೆಟ್ಟ ಇಳಿಯೋವಾಗ ನನಗೆ ನಿದ್ದೆ ಬರಲ್ಲ" ಎಂದರು. ಉದ್ದದ ನಟ್ಟು ಬರುವವರೆಗೆ ನಾಲ್ಕು ದಿನ ಸೈಕಲ್ಲು ಅಲ್ಲೇ ನೇತಾಡಿತು. ಒಂದು ನೂರು ರೂಪಾಯಿ ಚಿಲ್ಲರೆಯ ವಸ್ತು. ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುವುದು ಆ ನಾಲ್ಕು ದಿನಕ್ಕಾಗಿ.

ಹಳೆಯ ಫೋರ್ಕನ್ನೂ ಹೊಸದನ್ನೂ ಪರಿಚಯದ ಹೂವಿನ ವ್ಯಾಪಾರಿಯೊಬ್ಬರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಸೇವಂತಿಗೆಯ ರಾಶಿಯ ನಡುವೆ ಫೋರ್ಕನ್ನು ಕಂಡ ಅವರು, "ಇದಕ್ಕೆ ಏನು ರೇಟು ಅಣ್ಣ, ಮಾರಿಗೋ ಕೆಜಿಗೋ?" ಎಂದು ಕೇಳಿದರು. ಉಕ್ಕಿನದು 860 ಗ್ರಾಂ, ಹೊಸದು 540. ಉಳಿದದ್ದು 320 ಗ್ರಾಂ. ನನ್ನ ಮತ್ತು ಸೈಕಲ್ಲಿನ ಒಟ್ಟು ಭಾರ 82 ಕಿಲೋದಲ್ಲಿ ಇದು ನೂರಕ್ಕೆ ಅರ್ಧವೂ ಅಲ್ಲ. ಐವತ್ತು ನಿಮಿಷದ ಏರಿನಲ್ಲಿ ಇದರಿಂದ ಉಳಿಯುವುದು ಹೆಚ್ಚೆಂದರೆ ಹನ್ನೆರಡು ಸೆಕೆಂಡು. ಬುಡದಲ್ಲಿ ಎಳನೀರು ಕುಡಿಯದೆ ಹೊರಟರೂ ಅಷ್ಟು ಹಗುರಾಗಬಹುದು.

ಹಾಗಾದರೆ ಕಂಪನದ ಮಾತೇನು? ಮೊದಲ ಸವಾರಿಯಲ್ಲಿ ಸೈಕಲ್ಲು ಬೇರೆಯೇ ಆಗಿದೆ ಅನಿಸಿದ್ದು ನಿಜ. ಹ್ಯಾಂಡಲ್ ಬೆಣ್ಣೆಯಂತೆ ತಿರುಗುತ್ತಿತ್ತು, ಇಳಿಜಾರಿನ ತಿರುವುಗಳಲ್ಲಿ ಸೈಕಲ್ಲು ಹೇಳಿದ ಗೆರೆಯಲ್ಲೇ ಹೋಗುತ್ತಿತ್ತು. ಅದರ ಯಶಸ್ಸನ್ನೆಲ್ಲ ಫೋರ್ಕಿಗೆ ಕಟ್ಟುವುದಕ್ಕೆ ಮುಂಚೆ ನೆನಪಾದದ್ದು ಹೆಡ್‌ಸೆಟ್. ಹಳೆಯ ಹೆಡ್‌ಸೆಟ್ಟಿನ ಕೆಳಗಿನ ಬಟ್ಟಲಿನಲ್ಲಿ ಬೇರಿಂಗಿನ ಗುಂಡುಗಳು ಕೂತು ಕೂತು ಗುಳಿಗಳಾಗಿದ್ದವು; ಬಿಚ್ಚಿದಾಗ ಉಗುರು ಆಡಿಸಿದರೆ ಒಂದೊಂದು ಗುಳಿಯೂ ಕೈಗೆ ಸಿಗುತ್ತಿತ್ತು. ಹ್ಯಾಂಡಲ್ ಕಚ್ಚಿಕೊಳ್ಳುತ್ತಿದ್ದದ್ದು ಅದರಿಂದ. ಫೋರ್ಕಿನ ಜೊತೆಗೆ ಹೊಸ ಹೆಡ್‌ಸೆಟ್ ಬಂದದ್ದರಿಂದ ಆ ದೋಷ ಹೋಯಿತು, ಹಳೆಯ ಫೋರ್ಕಿನ ಜೊತೆ ಹಾಕಿದ್ದರೂ ಹೋಗುತ್ತಿತ್ತು.

ಕಂಪನವನ್ನೇ ಪ್ರತ್ಯೇಕವಾಗಿ ನೋಡಬೇಕೆಂದು ಒಂದು ತಿಂಗಳು ಮುಂದಿನ ಟಯರನ್ನು ಬದಲಾಯಿಸದೆ ಓಡಿಸಿದೆ: ಮೊದಲಿದ್ದ 23 ಮಿಲಿಮೀಟರಿನದೇ, ಗಾಳಿ ಮೊದಲಿನಂತೆ 100 ಪಿಎಸ್‌ಐ. ಡಾಂಬರು ಒರಟಾಗಿರುವ ಕಡೆ ಹ್ಯಾಂಡಲಿಗೆ ಬರುತ್ತಿದ್ದ ಸಣ್ಣ ಝುಮ್ಮೆನ್ನುವ ನಡುಕ ಕಡಿಮೆಯಾಗಿತ್ತು, ಬೆರಳು ಮರಗಟ್ಟುವುದು ಅರ್ಧ ಗಂಟೆಯಷ್ಟು ತಡವಾಗಿ ಶುರುವಾಗುತ್ತಿತ್ತು. ಹಳ್ಳಿಗಳ ಮುಂದಿನ ರಸ್ತೆಯುಬ್ಬು, ಗುಂಡಿಗಳ ಏಟು ಮಾತ್ರ ಇದ್ದಂತೆಯೇ ಇತ್ತು. ಆಮೇಲೆ ಮುಂದಕ್ಕೆ 28 ಮಿಲಿಮೀಟರ್ ಟಯರ್ ಹಾಕಿ ಗಾಳಿಯನ್ನು 70ಕ್ಕೆ ಇಳಿಸಿದೆ. ಆ ದಿನ ಬಂದ ಬದಲಾವಣೆ ಫೋರ್ಕಿನಿಂದ ಬಂದದ್ದಕ್ಕಿಂತ ಎರಡು ಪಟ್ಟಾದರೂ ಹೆಚ್ಚು ಎಂದು ನನ್ನ ಅಂಗೈ ಹೇಳುತ್ತದೆ. ಟಯರಿನ ಬೆಲೆ 1,900 ರೂಪಾಯಿ, ಫೋರ್ಕಿನದು 9,800. ಫೋರ್ಕಿನ ಪರವಾಗಿ ಒಂದು ಮಾತು ಹೇಳಬಹುದು: ಹಳೆಯ ಫೋರ್ಕಿನಲ್ಲಿ 28ರ ಟಯರ್ ಬ್ರೇಕಿನ ಅಡಿಗೆ ಉಜ್ಜುತ್ತಿತ್ತು, ಹೊಸದರಲ್ಲಿ ಅದಕ್ಕೆ ಜಾಗವಿದೆ. ಹಿಂದೆ ಫ್ರೇಮು 25ಕ್ಕಿಂತ ದೊಡ್ಡದನ್ನು ಒಪ್ಪುವುದಿಲ್ಲವಾದ್ದರಿಂದ ಈಗ ಸೈಕಲ್ಲಿಗೆ ಮುಂದೊಂದು ಹಿಂದೊಂದು ಅಳತೆಯ ಟಯರುಗಳಿವೆ.

ಕಾರ್ಬನ್ನಿನ ಜೊತೆ ಬರುವ ಚಿಂತೆಯೂ ಒಂದು ಖರ್ಚೇ. ಉಕ್ಕಿನ ಫೋರ್ಕ್ ಏಟು ತಿಂದರೆ ಬಾಗಿ ತೋರಿಸುತ್ತದೆ. ಕಾರ್ಬನ್ ಒಳಗೇ ಬಿರಿದು ಹೊರಗೆ ಬರಿಯ ಗೀರಿನಂತೆ ಕಾಣಬಹುದು. ಜುಲೈನಲ್ಲಿ ಮನೆಯ ಅಂಗಳದಲ್ಲಿ ಸೈಕಲ್ಲು ಗಾಳಿಗೆ ಕಲ್ಲಿನ ಕಟ್ಟೆಯ ಮೇಲೆ ಬಿದ್ದಾಗ ಫೋರ್ಕಿನ ಎಡಗಾಲಿಗೆ ಉಗುರಿನಷ್ಟು ಗೀರು ಬಿತ್ತು. ಯಜಮಾನರು ಒಂದು ರೂಪಾಯಿ ನಾಣ್ಯದಿಂದ ಗೀರಿನ ಸುತ್ತ ಮೇಲಿಂದ ಕೆಳಗೆ ಟಕಟಕ ಬಡಿದು, ಸದ್ದು ಎಲ್ಲಿಯೂ ಮಂಕಾಗಲಿಲ್ಲ, ಬಣ್ಣ ಮಾತ್ರ ಹೋಗಿದೆ ಎಂದರು. ಅಂದಿನಿಂದ ಪ್ರತಿ ಭಾನುವಾರ ಹೊರಡುವ ಮುನ್ನ ನಾನೂ ಬಡಿದು ನೋಡುತ್ತೇನೆ. ಹದಿನೆಂಟು ವರ್ಷ ಹಳೆಯ ಫೋರ್ಕಿಗೆ ಒಂದು ದಿನವೂ ಈ ಉಪಚಾರ ಸಿಕ್ಕಿರಲಿಲ್ಲ.

ಲೆಕ್ಕ ಹೀಗಿದೆ: ಬಾಟಮ್ ಬ್ರಾಕೆಟ್ ಸಹಿತ ಕ್ರ್ಯಾಂಕ್‌ಸೆಟ್ಟಿಗೆ 8,200, ಹೊಸ ಚೈನಿಗೆ 950, ಫೋರ್ಕಿಗೆ 9,800, ಹೆಡ್‌ಸೆಟ್ಟಿಗೆ 1,400, ಬ್ರೇಕಿನ ನಟ್ಟಿಗೆ 120, ಎರಡನೆಯ ಅಂಗಡಿಯ ಕೂಲಿ 1,600, ಟಯರು ಮತ್ತು ಮೊದಲ ಅಂಗಡಿಯ 450 ಸೇರಿದರೆ 24,420 ರೂಪಾಯಿ. ಸೈಕಲ್ಲಿನ ಬೆಲೆಯೇ 16,000 ಇತ್ತಲ್ಲವೇ ಎಂದು ಕೇಳಿದ ನನ್ನ ಹೆಂಡತಿ, ಮೂಗಿಗಿಂತ ಮೂಗುತಿ ಭಾರ ಎಂದಷ್ಟೇ ಹೇಳಿ ಒಳಗೆ ಹೋದಳು. ಈಗ ಮತ್ತೆ ಮಾಡಬೇಕಾಗಿ ಬಂದರೆ ಕ್ರ್ಯಾಂಕ್‌ಸೆಟ್, ಚೈನು, ಹೆಡ್‌ಸೆಟ್ ಇಷ್ಟನ್ನು ಒಂದೇ ದಿನ ಮಾಡಿಸುತ್ತೇನೆ. ಹಳೆಯ ಫೋರ್ಕಿನ ತುಕ್ಕನ್ನು ಉಜ್ಜಿ, ಅಡಿಯ ಲೋಹ ಗಟ್ಟಿಯಿದೆಯೇ ಎಂದು ಯಜಮಾನರಿಗೆ ತೋರಿಸಿ, ಗಟ್ಟಿಯಿದ್ದರೆ ಬಣ್ಣ ಹೊಡೆಸಿ ಅದನ್ನೇ ಇಟ್ಟುಕೊಳ್ಳುತ್ತೇನೆ.

ಬಾಳಿಕೆಯ ಬಗ್ಗೆ ಒಂದು ಮಾತು ಉಳಿದಿದೆ. ಹಳೆಯ ಬಾಟಮ್ ಬ್ರಾಕೆಟ್ ನನ್ನ ಕೈಯಲ್ಲೇ ಹನ್ನೊಂದು ವರ್ಷ ಬಾಳಿತ್ತು, ಅದರ ಬೇರಿಂಗುಗಳು ಫ್ರೇಮಿನ ಒಳಗೆ ಧೂಳಿನಿಂದ ದೂರ ಇದ್ದವು. ಹೊಸದರ ಬೇರಿಂಗುಗಳು ಹೊರಗೇ ಇರುವುದರಿಂದ ಮಳೆಯ ಕೆಸರು, ತೊಳೆಯುವ ನೀರು ಎರಡೂ ನೇರವಾಗಿ ಅವುಗಳಿಗೇ ಬೀಳುತ್ತವೆ. ಈ ಮಳೆಗಾಲದ ನಂತರ ಚೈನನ್ನು ಕೆಳಗಿಳಿಸಿ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದಾಗ ಬಲಗಡೆಯ ಕಪ್ಪಿನಲ್ಲಿ ಮರಳು ಸಿಕ್ಕಿದಂಥ ಸಣ್ಣ ಗರಗರ ಕೈಗೆ ತಿಳಿಯುತ್ತಿದೆ. ಅಂದು ನಾಲ್ಕು ಸುತ್ತು ತಿರುಗಿ ನಿಂತದ್ದು ಈಗ ಎರಡು ಸುತ್ತಿಗೆ ನಿಲ್ಲುತ್ತದೆ. ಹೊಸ ಕಪ್ಪುಗಳ ಜೋಡಿಯನ್ನು ತರಿಸಿ ಇಟ್ಟಿದ್ದೇನೆ, ಮುಂದಿನ ಮಂಗಳವಾರ ಬರಲು ಯಜಮಾನರು ಹೇಳಿದ್ದಾರೆ. ಬಲಗಡೆಯದನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂದು ಈ ಸಲ ನನಗೂ ಗೊತ್ತು.